ದಿನಾಂಕದ ಚೌಕ ಯಾಕೆ ಹಿಂದುಳಿಯಿತು?

ಕ್ಯೂಆರ್ ಕೋಡ್ ಹುಟ್ಟಿ ಮೂರು ದಶಕ ದಾಟಿತು. 1994ರಲ್ಲಿ ಜಪಾನಿನ ಡೆನ್ಸೊ ಬಳಗದ ಮಸಾಹಿರೊ ಹರಾ ಮತ್ತು ಸಂಗಡಿಗರು ಕಾರಿನ ಬಿಡಿಭಾಗಗಳ ಲೆಕ್ಕ ಇಡಲು ಅದನ್ನು ರೂಪಿಸಿದರು. ಪೇಟೆಂಟ್ ಕೈಯಲ್ಲಿದ್ದರೂ ಲೋಕವೆಲ್ಲ ಬಳಸಿಕೊಳ್ಳಲಿ ಎಂದು ಬಿಟ್ಟರು. ಕಾರ್ಯಕ್ರಮದ ದಿನ, ಹೊತ್ತು, ಜಾಗಗಳನ್ನು ಯಂತ್ರಕ್ಕೆ ತಿಳಿಯುವಂತೆ ಬರೆಯುವ ಐಕ್ಯಾಲೆಂಡರ್ ಮಾದರಿ 1998ರಲ್ಲಿ ಬಂತು, 2009ರಲ್ಲಿ ಪರಿಷ್ಕಾರವೂ ಆಯಿತು. ಲಗ್ನಪತ್ರಿಕೆಯ ಮೂಲೆಯ ಚೌಕಕ್ಕೆ ಫೋನ್ ಹಿಡಿದರೆ ಮುಹೂರ್ತ ಕ್ಯಾಲೆಂಡರಿಗೆ ಹೋಗಿ ಕೂರಲು ಬೇಕಾದ ಕೋಡೂ ಬರವಣಿಗೆಯ ಮಾದರಿಯೂ ಕಳೆದ ಶತಮಾನದಲ್ಲೇ ಸಿದ್ಧವಿದ್ದವು. ಆದರೂ ಮನೆಗೆ ಬರುವ ಪತ್ರಿಕೆಗಳಲ್ಲಿ ಇವತ್ತಿಗೂ ಅದು ಅಪರೂಪ.

ಓದುವ ಕಣ್ಣು ತಡವಾಗಿ ತೆರೆದದ್ದು ಒಂದು ಕಾರಣ. 2017ರಲ್ಲಿ ಐಒಎಸ್ 11 ಬರುವತನಕ ಐಫೋನ್ ಇದ್ದವರೂ ಇದಕ್ಕೆಂದೇ ಬೇರೆ ಆ್ಯಪ್ ಹಾಕಿಕೊಳ್ಳಬೇಕಿತ್ತು. ನಮ್ಮಲ್ಲಿ ಸ್ಕ್ಯಾನ್ ಮಾಡುವುದನ್ನು ಕಲಿಸಿದ್ದು 2016ರಲ್ಲಿ ಬಂದ ಯುಪಿಐ, ತರಕಾರಿ ಗಾಡಿ, ಕಾಫಿ ಅಂಗಡಿ. ಪಾಠದ ಜೊತೆಗೆ ಒಂದು ಅಭ್ಯಾಸವೂ ಅಂಟಿಕೊಂಡಿತು: ಚೌಕ ಕಂಡರೆ ದುಡ್ಡು ಕೊಡಬೇಕು. ಮದುವೆ ಪತ್ರಿಕೆಯಲ್ಲಿ ಅದನ್ನು ನೋಡಿ, "ಮುಯ್ಯಿಯನ್ನೂ ಇಲ್ಲಿಗೇ ಹಾಕಬೇಕೇನು?" ಎಂದು ನಗುವವರಿದ್ದಾರೆ. ಆಮೇಲೆ ಬಂದದ್ದು ಛತ್ರದ ದಾರಿ ತೋರಿಸುವ ಗೂಗಲ್ ಮ್ಯಾಪಿನ ಚೌಕ. ದಿನಾಂಕದ ಸರದಿ ಕೊನೆಗೇ ಉಳಿಯಿತು.

ಹಾಗೆಂದು ಇದು ಬರಿ ಶೋಕಿಯಲ್ಲ. ಅದರ ನಿಜವಾದ ಬೆಲೆ ಗೊತ್ತಾಗುವುದು ದೂರದ ನೆಂಟರಿಗೆ. ಬೆಳಿಗ್ಗೆ 10.30ರ ಮುಹೂರ್ತವನ್ನು ಭಾರತದ ಕಾಲಮಾನ ಎಂಬ ಗುರುತಿನೊಂದಿಗೆ ಬರೆದಿದ್ದರೆ, ಬೇಸಿಗೆಯಲ್ಲಿ ನ್ಯೂಜೆರ್ಸಿಯಲ್ಲಿರುವ ಮಗಳ ಫೋನ್ ಅದನ್ನು ತಾನಾಗಿಯೇ ರಾತ್ರಿ 1 ಗಂಟೆಗೆ ಇಳಿಸಿಕೊಳ್ಳುತ್ತದೆ. ವಿಡಿಯೊ ಕರೆಯಲ್ಲಿ ಧಾರೆ ನೋಡಬಹುದು. ಗುರುತು ಬಿಟ್ಟು ಬರಿ 10.30 ಎಂದು ಬರೆದಿದ್ದರೆ ಅಲ್ಲಿಯೂ ಬೆಳಿಗ್ಗೆ 10.30 ಎಂದೇ ಕೂರುತ್ತದೆ. ಆ ಹೊತ್ತಿಗೆ ಇಲ್ಲಿ ರಾತ್ರಿ 8, ಛತ್ರ ಖಾಲಿ. ಯಕ್ಷಗಾನದ ಕರಪತ್ರಕ್ಕೆ ಇನ್ನೊಂದು ತೊಡಕು. ರಾತ್ರಿ ಒಂಬತ್ತಕ್ಕೆ ಶುರುವಾದ ಆಟ ಬೆಳಗಾಗುವಾಗ ಮುಗಿಯುವುದು ಮರುದಿನದ ತಾರೀಖಿನಲ್ಲಿ. ಎರಡಕ್ಕೂ ಒಂದೇ ತಾರೀಖು ಹಾಕಿದರೆ, ಶುರುವಾಗುವ ಮೊದಲೇ ಮುಗಿದ ಆಟವಾಗುತ್ತದೆ ಅದು.

ಕನ್ನಡದಲ್ಲಿ ಬರೆಯುವವರಿಗೆ ಮತ್ತೂ ಒಂದು ತೆರಿಗೆಯಿದೆ. ಇಂಗ್ಲಿಷಿನ ಒಂದು ಅಕ್ಷರಕ್ಕೆ 1 ಬೈಟ್ ಸಾಕು. ಯುಟಿಎಫ್-8 ಎಂಬ ಅಕ್ಷರ ಸಂಕೇತ ಪದ್ಧತಿಯಲ್ಲಿ ನಮ್ಮ ಪ್ರತಿ ವ್ಯಂಜನಕ್ಕೂ, ಪ್ರತಿ ಗುಣಿತದ ಚಿಹ್ನೆಗೂ 3 ಬೈಟ್ ಬೇಕು. 'ಬೆಂಗಳೂರು' ಒಂದೇ 24 ಬೈಟ್ ತಿನ್ನುತ್ತದೆ. ಕೋಡಿನ ಗರಿಷ್ಠ ಸಾಮರ್ಥ್ಯ 2,953 ಬೈಟ್ ನಿಜ, ಆದರೆ ಅಷ್ಟು ತುಂಬಿದರೆ ಒಂದೊಂದು ಬದಿಗೆ 177 ಚುಕ್ಕಿ. ಪತ್ರಿಕೆಯ ಮೂಲೆಯಲ್ಲಿ ಅದನ್ನು ಯಾವ ಫೋನೂ ಬಿಡಿಸಿ ಓದಲಾರದು. "ಶ್ರೀ ಗುರುಭ್ಯೋ ನಮಃ"ದಿಂದ ಹಿಡಿದು ಅಜ್ಜ ಅಜ್ಜಿಯರ ಹೆಸರಿನವರೆಗೆ ಎಲ್ಲವನ್ನೂ ಚೌಕದೊಳಗೆ ತುರುಕುವ ಉತ್ಸಾಹವನ್ನು ಇಲ್ಲಿ ಬಿಡಬೇಕು. ವಧೂವರರ ಹೆಸರು, ಹೊತ್ತು, ಛತ್ರ, ಊರು, ಇಷ್ಟೇ ಸಾಕು. ಚೌಕದ ನಡುವೆ ಗಣಪತಿಯನ್ನು ಕೂರಿಸುವ ಆಸೆಯಿದ್ದರೆ ತಪ್ಪೇನಿಲ್ಲ. ಕೋಡಿನ ದೋಷ ತಿದ್ದುಪಡಿಯ ಅತಿ ಹೆಚ್ಚಿನ ಮಟ್ಟವನ್ನು ಆರಿಸಿಕೊಂಡರೆ ಕೋಡು ಸುಮಾರು ಶೇ. 30ರಷ್ಟು ಹಾನಿಯನ್ನು ತಾಳಿಕೊಳ್ಳುತ್ತದೆ. ಕಡುಗೆಂಪು ಕಾಗದದ ಮೇಲೆ ಹೊಂಬಣ್ಣದಲ್ಲಿ ಅಚ್ಚು ಹಾಕುವುದು ಮಾತ್ರ ಬೇಡ. ಚೆಂದವೇನೋ ಇರುತ್ತದೆ, ಬೆಳಕು ಬಿದ್ದರೆ ಮಿಂಚುತ್ತದೆ, ಓದಲು ಬರುವುದಿಲ್ಲ.

ಇನ್ನು ಇರುವುದು, ಚೌಕದೊಳಗೆ ದಿನಾಂಕವನ್ನೇ ಇಡಬೇಕೋ, ದಿನಾಂಕವಿರುವ ಪುಟದ ಕೊಂಡಿಯನ್ನೋ ಎಂಬ ವಾದ. 2020ರ ಮಾರ್ಚ್ ಲಾಕ್‌ಡೌನಿನಲ್ಲಿ ಮದುವೆಗಳು ಮುಂದೆ ಹೋದಾಗ, ಅಚ್ಚಾದ ಪತ್ರಿಕೆಗಳೆಲ್ಲ ಒಂದೇ ಏಟಿಗೆ ಸುಳ್ಳಾದವು. ಕೊಂಡಿಯಾಗಿದ್ದರೆ ಹಿಂದಿನಿಂದ ತಿದ್ದಬಹುದಿತ್ತು. ಆದರೆ ಕೊಂಡಿಗೆ ಇಂಟರ್ನೆಟ್ ಬೇಕು. ಅದನ್ನು ನಡೆಸುವ ಸಂಸ್ಥೆಗೆ ವರ್ಷದ ಬಾಕಿ ಕಟ್ಟದಿದ್ದರೆ ಚೌಕ ಸತ್ತಂತೆ. ಅದರ ಮೇಲೆ ಬೇರೆ ಚೀಟಿ ಅಂಟಿಸಿ ಮೋಸ ಮಾಡುವವರೂ ಇದ್ದಾರೆ. ಮದುವೆ, ನಾಮಕರಣ, ಗೃಹಪ್ರವೇಶಕ್ಕೆ ದಿನಾಂಕವನ್ನೇ ಒಳಗಿಡುವುದು ಮೇಲು; ಜಾಗ, ಹೊತ್ತು ಬದಲಾಗುತ್ತಲೇ ಇರುವ ಸಮ್ಮೇಳನ, ನಾಟಕೋತ್ಸವಗಳಿಗೆ ಕೊಂಡಿ. ಇದು ನಮ್ಮ ತೀರ್ಮಾನ.

ಪಂಚಾಂಗ ಇನ್ನೂ ಗೋಡೆಯ ಮೊಳೆಯಲ್ಲೇ ನೇತಾಡುತ್ತಿರುವ ಮನೆಗಳು ಬೇಕಾದಷ್ಟಿವೆ. ಅವರಿಗಾಗಿ ತಿಥಿ, ವಾರ, ತಾರೀಖುಗಳನ್ನು ದಪ್ಪ ಅಕ್ಷರದಲ್ಲೇ ಮುದ್ರಿಸಿ. ಚೌಕದ ಕೆಳಗೆ "ಕ್ಯಾಲೆಂಡರಿಗೆ ಸೇರಿಸಲು ಸ್ಕ್ಯಾನ್ ಮಾಡಿ" ಎಂದು ಬರೆಸಿ, ಇಲ್ಲದಿದ್ದರೆ ಮುಯ್ಯಿಯ ನಗು ತಪ್ಪದು. ಕೆಲವು ಆಂಡ್ರಾಯ್ಡ್ ಫೋನುಗಳು ಕಾರ್ಯಕ್ರಮವನ್ನು ಸೇರಿಸದೆ ಬರಿ ಅಕ್ಷರಗಳ ಸಾಲನ್ನು ತೋರಿಸಿ ಸುಮ್ಮನಾಗುತ್ತವೆ. ಆದ್ದರಿಂದ ಅಚ್ಚಿಗೆ ಒಪ್ಪಿಗೆ ಕೊಡುವ ಮುನ್ನ ಕರಡನ್ನು ಕಾಗದದ ಮೇಲೇ ತೆಗೆಸಿ, ಒಂದು ಐಫೋನಿನಲ್ಲೂ ಒಂದು ಹಳೆಯ ಆಂಡ್ರಾಯ್ಡಿನಲ್ಲೂ ಹಿಡಿದು ನೋಡಿ.