ಹತ್ತು ಮಂದಿಯ ಹೊಸ್ತಿಲು

ಹತ್ತಿ ಗಿರಣಿಯ ಆಳು ಬೇನೆ ಬಿದ್ದು ಆಸ್ಪತ್ರೆ ಸೇರಿದರೆ ಆಯುಷ್ಮಾನ್ ಕಾರ್ಡು ಚಿಕಿತ್ಸೆಯ ವೆಚ್ಚ ಭರಿಸೀತು; ಮನೆಯ ಒಲೆ ಹೊತ್ತಿಸದು. ಇ.ಎಸ್.ಐ. ವಿಮೆಯಾದರೋ ವರ್ಷದಲ್ಲಿ 91 ದಿನಗಳವರೆಗೆ ಶೇಕಡಾ 70ರಷ್ಟು ಕೂಲಿಯನ್ನೂ ಕೊಡುತ್ತದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆ ಈ ವಿಮೆಯನ್ನು ದೇಶಕ್ಕೆಲ್ಲ ಹಬ್ಬಿಸಿದೆ, ಸಂತೋಷ. ಆದರೆ ಹತ್ತು ಮಂದಿ ದುಡಿಯುವಲ್ಲಿ ಮಾತ್ರ ಕಡ್ಡಾಯವೆಂಬ ಹೊಸ್ತಿಲು ಉಳಿದೇ ಇದೆ. ಬೇನೆಯೇನು ತಲೆ ಎಣಿಸಿ ಬರುತ್ತದೆಯೇ?

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ನಾಲ್ಕೈದು ಆಳಿನ ಗಿರಣಿ-ಅಂಗಡಿಗಳಲ್ಲಿ ಮಾಲೀಕನೂ ಬಹುಪಾಲು ನೌಕರರೂ ಒಪ್ಪಿದರಷ್ಟೇ ವಿಮೆ. ಕೂಲಿಯ ಶೇಕಡಾ 3.25ರ ವಂತಿಗೆ ಮಾಲೀಕನದು. ಸಣ್ಣ ಅಂಗಡಿಕಾರನಿಗೆ ಅದೂ ಭಾರವೇ. ಆದ್ದರಿಂದ ಹೊಸ್ತಿಲನ್ನು ಕೀಳಬೇಕು. ಸಣ್ಣವರ ವಂತಿಗೆಯನ್ನು ಸರಕಾರವೇ ಹೊರಬೇಕು.