ಗುಮಾಸ್ತನಿಗೆ ಶೋಧನೆ, ಮಂತ್ರಿಗೆ ಪ್ರಮಾಣವಚನ

ಕೇಂದ್ರ ಸರ್ಕಾರದ ಸೇವೆಗೆ ಸೇರುವಾಗ ನನ್ನ ನಡತೆಯನ್ನು ಪೊಲೀಸರು ವಿಚಾರಿಸಿದರು. ಮಂತ್ರಿಪದವಿಗೆ ಇಂಥ ಶೋಧನೆಯಿಲ್ಲ. ಅಮೆರಿಕದಲ್ಲಿ ಅಧ್ಯಕ್ಷರು ಹೆಸರಿಸಿದವರನ್ನು ಸೆನೆಟ್ ಸಮಿತಿ ಬಹಿರಂಗವಾಗಿ ಪ್ರಶ್ನಿಸುತ್ತದೆ. ನಮ್ಮ ರಾಜ್ಯಗಳಲ್ಲಿ, ಸಂವಿಧಾನದ 164ನೆಯ ವಿಧಿಯಂತೆ, ಮುಖ್ಯಮಂತ್ರಿಯ ಸಲಹೆಯೇ ಸಾಕು.

ನಾವು ನೆಲೆಸಿರುವ ಈ ಚೆನ್ನೈಯಲ್ಲೇ 2001ರ ಮೇ 14ರಂದು, ಶಿಕ್ಷೆಯ ಕಾರಣ ಶಾಸಕರಾಗಲು ಅನರ್ಹರಾಗಿದ್ದ ಜಯಲಲಿತಾ ಮುಖ್ಯಮಂತ್ರಿಯಾದರು. ಆ ನೇಮಕವನ್ನು ಸೆಪ್ಟೆಂಬರ್ 21ರಂದು ರದ್ದುಗೊಳಿಸಿದುದು ಸುಪ್ರೀಂ ಕೋರ್ಟು, ಶಾಸನಸಭೆಯಲ್ಲ.

ವಿಶ್ವಾಸಮತವಿದೆಯಲ್ಲ ಎನ್ನುವವರುಂಟು. ಅದು ಬಹುಮತವನ್ನು ಎಣಿಸುತ್ತದೆಯೇ ಹೊರತು ವ್ಯಕ್ತಿಯ ಯೋಗ್ಯತೆಯನ್ನು ತೂಗುವುದಿಲ್ಲ. ಪ್ರಮಾಣವಚನಕ್ಕೆ ಮುನ್ನ ಪ್ರತಿಯೊಂದು ಹೆಸರೂ ಸದನಸಮಿತಿಯ ಮುಂದೆ ಬರಲಿ. ಬಹುಮತದವರು ಒಪ್ಪಿಯೇ ಒಪ್ಪುತ್ತಾರೆನ್ನಬಹುದು. ಒಪ್ಪಲಿ; ಆದರೆ ಜನರೆದುರು ಪ್ರಶ್ನೆ ಕೇಳಿಯಾದ ಮೇಲೆ ಒಪ್ಪಲಿ.

ಗುಮಾಸ್ತನಿಗೆ ಬೇಕಾದ ಶೋಧನೆ ಮಂತ್ರಿಗೆ ಬೇಡವೆಂಬುದು ಯಾವ ನ್ಯಾಯ?