ಶಿರೂರು: ಹುಡುಕಿದವರು, ತೋರಿಸಿದವರು, ನೋಡಿದ ನಾವು

ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದದ್ದು 2024ರ ಜುಲೈನಲ್ಲಿ. ಕೇರಳದ ಲಾರಿ ಚಾಲಕ ಅರ್ಜುನ್ ಅವರ ಮೃತದೇಹ ಸೆಪ್ಟೆಂಬರ್ 25ರಂದು ಗಂಗಾವಳಿ ನದಿಯಿಂದ ಮೇಲೆ ಬಂತು. ಕೋಝಿಕ್ಕೋಡಿನ ಹುಟ್ಟೂರಿನಲ್ಲಿ ಅಂತ್ಯಸಂಸ್ಕಾರವೂ ಆಯಿತು. ಇನ್ನಾದರೂ ಆ ಮನೆಯವರಿಗೆ ಸ್ವಲ್ಪ ಸಮಾಧಾನ ಸಿಗಬಹುದು ಅಂದುಕೊಂಡಿದ್ದೆವು. ಆದರೆ ಅಕ್ಟೋಬರ್ ಮೊದಲ ವಾರದಲ್ಲೇ ಅದೇ ಹೆಸರುಗಳು ಮತ್ತೆ ನಮ್ಮ ಮೊಬೈಲಿಗೆ ಬಂದವು. ಈ ಸಲ ಜಗಳದ ಸುದ್ದಿಯಾಗಿ.

ನಾವಿರುವ ಚಿತ್ತಾಕುಲದಿಂದ ಮಂಗಳೂರಿಗೆ ಹೊರಟರೆ ಶಿರೂರು ದಾಟಿಯೇ ಹೋಗಬೇಕು. ರಜೆಗೆ ಊರಿಗೆ ಹೋಗುವ ಉಸ್ತಾದರಿಗೂ, ಮೀನಿನ ಲಾರಿಯವರಿಗೂ, ಆಸ್ಪತ್ರೆಗೆ ಹೋಗುವ ರೋಗಿಗಳಿಗೂ ಇರುವುದು ಅದೊಂದೇ ರಾಷ್ಟ್ರೀಯ ಹೆದ್ದಾರಿ 66. ಹಾಗಾಗಿ ಇದು ನಮಗೆ ದೂರದ ಸುದ್ದಿಯಲ್ಲ. ಇನ್ನೊಂದು ವಿಷಯವೂ ಇದೆ. ಬ್ಯಾರಿ ಮಾತಾಡುವವರಿಗೆ ಮಲಯಾಳಂ ಚಾನೆಲ್ ನೋಡಲು ಯಾರೂ ಅರ್ಥ ಹೇಳಿಕೊಡಬೇಕಾಗಿಲ್ಲ. ಕನ್ನಡ ಚಾನೆಲ್ಲೂ ನಮ್ಮದೇ. ಈ ಘಟನೆಯನ್ನು ಎರಡೂ ಕಡೆಯಿಂದ ನೋಡಿದ ಮನೆಗಳು ಬಹಳ ಇಲ್ಲ. ನಮ್ಮವು ಆ ಪೈಕಿ ಸೇರಿದವು. ಆದ್ದರಿಂದ ಇದರ ಬಗ್ಗೆ ಶಾಂತವಾಗಿ ಯೋಚಿಸುವ ಜವಾಬ್ದಾರಿಯೂ ನಮ್ಮ ಮೇಲಿದೆ.

ನಡೆದದ್ದನ್ನು ಒಮ್ಮೆ ನೆನಪು ಮಾಡಿಕೊಳ್ಳೋಣ. 2024ರ ಜುಲೈ 16ರ ಬೆಳಿಗ್ಗೆ, ಭಾರೀ ಮಳೆಯ ನಡುವೆ, ಹೆದ್ದಾರಿ ಬದಿಯ ಗುಡ್ಡ ಕುಸಿಯಿತು. ರಸ್ತೆ ಬದಿಯಲ್ಲಿ ಚಹಾದಂಗಡಿ ಇಟ್ಟುಕೊಂಡಿದ್ದ ಒಂದು ಸಂಸಾರವೇ ಮಣ್ಣಿನ ಜೊತೆ ಹೋಯಿತು. ಮಣ್ಣು ನದಿಗೆ ಬಿದ್ದ ರಭಸಕ್ಕೆ ನೀರು ಆಚೆ ದಡದ ಉಳುವರೆ ಗ್ರಾಮಕ್ಕೆ ನುಗ್ಗಿ ಮನೆಗಳು ಬಿದ್ದವು, ಒಬ್ಬ ಮಹಿಳೆ ತೀರಿಕೊಂಡರು. ಮರದ ದಿಮ್ಮಿ ಹೇರಿಕೊಂಡು ಕೇರಳಕ್ಕೆ ಹೊರಟಿದ್ದ ಅರ್ಜುನ್ ಲಾರಿ ಸಮೇತ ಕಾಣೆಯಾದರು. ಒಟ್ಟು 11 ಜೀವ. ಅದರಲ್ಲಿ ಮೂವರು ವಾರಗಟ್ಟಲೆ ಸಿಗಲಿಲ್ಲ. ಅರ್ಜುನ್ ಮತ್ತು ನಮ್ಮದೇ ಜಿಲ್ಲೆಯ ಇಬ್ಬರು.

ಮೊದಲ ಕೆಲವು ದಿನ ಕೇರಳದ ಹೊರಗೆ ಅರ್ಜುನ್ ಯಾರೆಂದು ಹೆಚ್ಚಿನವರಿಗೆ ಗೊತ್ತಿರಲಿಲ್ಲ. ಗೊತ್ತು ಮಾಡಿಸಿದವರಲ್ಲಿ ಒಬ್ಬರು ಲಾರಿ ಮಾಲಕ ಮನಾಫ್. ಲಾರಿಗೆ ವಿಮೆ ಇರುತ್ತದೆ, ಚಾಲಕನ ಮನೆಗೆ ಒಂದಿಷ್ಟು ಪರಿಹಾರ ಕೊಟ್ಟು ಕೈತೊಳೆದುಕೊಳ್ಳುವ ಮಾಲಕರನ್ನೂ ನಾವು ಕಂಡಿದ್ದೇವೆ. ಈ ಮನುಷ್ಯ ಹಾಗೆ ಮಾಡಲಿಲ್ಲ. ನನ್ನ ಕೆಲಸಕ್ಕೆ ಹೋದವನನ್ನು ಮನೆಗೆ ತಲುಪಿಸುವುದು ನನ್ನ ಹೊಣೆ ಎಂಬಂತೆ ಶಿರೂರಿಗೆ ಬಂದು ಮಳೆಯಲ್ಲಿ ನಿಂತರು. ನಮ್ಮ ದೀನಿನಲ್ಲಿ ಇದಕ್ಕೆ ಅಮಾನತ್ ಎನ್ನುತ್ತೇವೆ. ಕೆಲಸಗಾರ ಹಿಂದೂ, ಮಾಲಕ ಮುಸಲ್ಮಾನ ಎಂಬುದನ್ನು ಹೇಳಿ ಹೊಗಳುವ ಅಗತ್ಯವಿಲ್ಲ. ಅಮಾನತ್ ಪಾಲಿಸುವಾಗ ಎದುರಿನವರ ಧರ್ಮ ಕೇಳುವ ಪದ್ಧತಿ ನಮ್ಮಲ್ಲಿಲ್ಲ.

ಈ ಹಟದ ಹಿಂದೆ ಕ್ಯಾಮರಾ ಬಂತು. ಕ್ಯಾಮರಾದ ಹಿಂದೆ ಒತ್ತಡ ಬಂತು. ಸೇನೆ ಬಂತು, ನೌಕಾಪಡೆಯ ಮುಳುಗುಗಾರರು ಬಂದರು, ನಿವೃತ್ತ ಮೇಜರ್ ಜನರಲ್ ಇಂದ್ರಬಾಲನ್ ಡ್ರೋನ್ ತಂಡದೊಂದಿಗೆ ಬಂದರು, ನಮ್ಮ ಉಡುಪಿಯ ಈಶ್ವರ್ ಮಲ್ಪೆ ಆ ಸೆಳೆತದ ನೀರಿಗೆ ಇಳಿದರು. ಕೊನೆಗೆ ಗೋವಾದಿಂದ ಹೂಳೆತ್ತುವ ಡ್ರೆಜರ್ ಬಂತು. ಒಬ್ಬ ಕೂಲಿ ಚಾಲಕನಿಗಾಗಿ ಎರಡು ರಾಜ್ಯಗಳ ಹುಡುಕಾಟ, ನಡುವೆ ನಿಂತರೂ, 72ನೇ ದಿನದವರೆಗೆ ಸಾಗಿತು. ಇದು ಸಣ್ಣ ವಿಷಯವಲ್ಲ. ಮಾಧ್ಯಮ ಇಲ್ಲದಿದ್ದರೆ ಇಷ್ಟು ಆಗುತ್ತಿತ್ತು ಅಂತ ನಮಗೆ ಅನ್ನಿಸುವುದಿಲ್ಲ. ಆ ಮಟ್ಟಿಗೆ ಅವರಿಗೆ ಕೃತಜ್ಞತೆ ಹೇಳಲೇಬೇಕು.

ಆದರೆ ಅದೇ ಕ್ಯಾಮರಾ ಬೇರೆ ಕೆಲಸವನ್ನೂ ಮಾಡಿತು. ಅರ್ಜುನ್ ಫೋನ್ ರಿಂಗಾಯಿತು, ಲಾರಿ ಎಂಜಿನ್ ಚಾಲೂ ಇದೆ ಎಂಬ ಸುದ್ದಿ ಮೊದಲ ದಿನಗಳಲ್ಲಿ ಓಡಾಡಿತು. ಅವರ ಮನೆಯವರು ಅದನ್ನು ನಂಬಿದರೆ ತಪ್ಪೇನಿಲ್ಲ. ಕಾಯುವವರಿಗೆ ಒಂದು ಹುಲ್ಲುಕಡ್ಡಿಯೂ ಆಸರೆ. ಆದರೆ ಗಂಟೆಗೊಮ್ಮೆ ಅದನ್ನೇ ಹೇಳಿದವರು ಒಮ್ಮೆಯಾದರೂ ಪರಿಶೀಲಿಸಬೇಕಿತ್ತು. ರಸ್ತೆಯ ಮೇಲಿನ ಮಣ್ಣಿನಡಿ ಲಾರಿ ಇಲ್ಲ ಎಂದು ಸೇನೆಯವರು ಹುಡುಕಿ ನೋಡಿ ಹೇಳಿದರು. ಜುಲೈ 24ರಂದು ಲಾರಿ ನದಿಯಲ್ಲಿ ಪತ್ತೆಯಾಗಿದೆ ಎಂದು ಸಚಿವ ಕೃಷ್ಣ ಬೈರೇಗೌಡರು ತಿಳಿಸಿದರು. ಅಷ್ಟರಲ್ಲಿ ಕರ್ನಾಟಕದವರಿಗೆ ಮನಸ್ಸಿಲ್ಲ ಅಂತ ಆಚೆಯಿಂದ, ಕೇರಳದವರಿಗೆ ಅವರದ್ದೊಂದೇ ಜೀವ ಅಂತ ಈಚೆಯಿಂದ ಬೈಗುಳ ಶುರುವಾಗಿತ್ತು. ಜುಲೈ 28ಕ್ಕೆ ಹುಡುಕಾಟ ನಿಂತಿತು, 30ರಂದು ವಯನಾಡಿನಲ್ಲಿ ದೊಡ್ಡ ಭೂಕುಸಿತವಾಯಿತು. ಕ್ಯಾಮರಾಗಳು ಅಲ್ಲಿಗೆ ಹೋದವು. ಶಿರೂರಿನಲ್ಲಿ ಕಾಯುತ್ತಿದ್ದ ಮನೆಗಳು ಕಾಯುತ್ತಲೇ ಇದ್ದವು.

ಇಲ್ಲಿ ನಮ್ಮ ಊರಿನದೇ ಒಂದು ಘಟನೆ ಹೇಳಬೇಕು. ಆಗಸ್ಟ್ 7ರ ನಡುರಾತ್ರಿ ಒಂದು ಗಂಟೆಯ ಸುಮಾರಿಗೆ ಸದಾಶಿವಗಡ ಮತ್ತು ಕೋಡಿಬಾಗ ನಡುವಿನ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಗೋವಾ ಕಡೆಯಿಂದ ಬರುತ್ತಿದ್ದ ತಮಿಳುನಾಡಿನ ಒಂದು ಲಾರಿ ನದಿಗೆ ಬಿತ್ತು. ಚಾಲಕ ಹೇಗೋ ಕ್ಯಾಬಿನ್ ಮೇಲೆ ಹತ್ತಿ ಕೂತಿದ್ದರು. ಆ ಹೊತ್ತಿನಲ್ಲಿ ಅಲ್ಲಿ ಯಾವ ಚಾನೆಲ್ ಇರಲಿಲ್ಲ. ಪೊಲೀಸರು ಮತ್ತು ಇಲ್ಲಿನ ಮೀನುಗಾರರು ಕತ್ತಲೆಯಲ್ಲಿ ದೋಣಿ ಇಳಿಸಿ ಅವರನ್ನು ಜೀವಂತ ಕರೆತಂದರು. ಬಿದ್ದವನು ಯಾವ ರಾಜ್ಯದವನು, ಯಾವ ಭಾಷೆಯವನು ಅಂತ ಯಾರೂ ಕೇಳಲಿಲ್ಲ. ಕ್ಯಾಮರಾ ಬಂದದ್ದು ಆಮೇಲೆ.

ಎರಡೂ ಘಟನೆಯನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಮಾಧ್ಯಮ ಮನುಷ್ಯತ್ವವನ್ನು ಹುಟ್ಟಿಸುವುದಿಲ್ಲ. ಇರುವುದನ್ನು ದೊಡ್ಡದು ಮಾಡಿ ತೋರಿಸುತ್ತದೆ ಅಷ್ಟೆ. ಮನುಷ್ಯರಲ್ಲಿ ಅಮಾನತ್ ಇದ್ದಾಗ ಅದು ಅಮಾನತನ್ನು ದೊಡ್ಡದು ಮಾಡಿತು, ಡ್ರೆಜರ್ ಬಂತು. ಮನುಷ್ಯರಲ್ಲಿ ಅಸಹನೆ ಬಂದಾಗ ಅಸಹನೆಯನ್ನೂ ಅಷ್ಟೇ ದೊಡ್ಡದು ಮಾಡಿತು.

ಅಕ್ಟೋಬರಿನಲ್ಲಿ ಆದದ್ದು ಅದೇ. ಹುಡುಕಾಟದ ಸುದ್ದಿ ಕೊಡಲು ಮನಾಫ್ ಯೂಟ್ಯೂಬ್ ಚಾನೆಲ್ ಮಾಡಿದ್ದರು. ತಮ್ಮ ದುಃಖವನ್ನು ಬಳಸಿಕೊಳ್ಳಲಾಗುತ್ತಿದೆ ಎಂದು ಅರ್ಜುನ್ ಕುಟುಂಬದವರು ಪತ್ರಿಕಾಗೋಷ್ಠಿಯಲ್ಲಿ ಹೇಳಿದರು. ಅರ್ಜುನ್ ಹೆಸರಲ್ಲಿ ಹಣ ಎತ್ತಿಲ್ಲ ಎಂದು ಮನಾಫ್ ಉತ್ತರ ಕೊಟ್ಟರು. ಇಷ್ಟಕ್ಕೇ ನಿಂತಿದ್ದರೆ ಎರಡು ಮನೆಯ ನಡುವಿನ ಮಾತು. ಆದರೆ ಸಾವಿರಾರು ಜನ ನಡುವೆ ಬಿದ್ದರು. ಗಂಡನ ಅಂತ್ಯಸಂಸ್ಕಾರವಾಗಿ ವಾರವೂ ಆಗದ ಮನೆಯವರ ಮೇಲೆ ಸೈಬರ್ ದಾಳಿ ನಡೆಯಿತು, ಪೊಲೀಸ್ ದೂರಾಯಿತು. ಮನಾಫರ ಧರ್ಮ ಹಿಡಿದು ಬರೆದವರೂ ಇದ್ದರು, ಮನಾಫ್ ನಮ್ಮವರು ಅಂತ ಹೇಳಿಕೊಂಡು ಆ ಮನೆಯವರನ್ನು ಬೈದವರೂ ಇದ್ದರು. ಕೊನೆಗೆ ಮನಾಫ್ ಆ ಮನೆಗೆ ಹೋಗಿ ಕೂತು ಮಾತಾಡಿದರು, ಇಬ್ಬರೂ ಒಂದಾದರು. ಜಗಳ ಮಾಡಿಕೊಂಡವರು ರಾಜಿಯಾದರು. ಕಮೆಂಟ್ ಬರೆದವರು ಯಾರ ಮನೆಗೆ ಹೋಗಿ ರಾಜಿ ಮಾಡಿಕೊಳ್ಳುತ್ತಾರೆ?

ಇಲ್ಲಿ ನಮ್ಮ ಮನೆಗಳನ್ನೂ ಸ್ವಲ್ಪ ನೋಡಿಕೊಳ್ಳಬೇಕು. ಆ ವಾರ ನಮ್ಮ ಜಮಾಅತ್ ಗುಂಪುಗಳಲ್ಲೂ ಆ ತುಣುಕುಗಳು ಓಡಾಡಿದವು. ನಾವೂ ಕೆಲವನ್ನು ನೋಡಿದೆವು, ಪೂರ್ತಿ ನೋಡಿದೆವು. ನೋಡಿದ ಮೇಲೆ ಬೇಸರವಾಯಿತು ಅಂತ ಹೇಳಿದರೆ ನೋಡಿದ್ದು ಇಲ್ಲದಾಗುವುದಿಲ್ಲ.

ಮಯ್ಯಿತ್ ಸ್ನಾನ ಮಾಡಿಸುವವರಿಗೆ ದೀನ್ ಕಲಿಸಿದ ಅದಬ್ ಎಲ್ಲರಿಗೂ ಗೊತ್ತಿದೆ. ಒಳಗೆ ಬೇಕಾದಷ್ಟೇ ಜನ ಇರಬೇಕು. ಮುಚ್ಚಬೇಕಾದ್ದನ್ನು ಮುಚ್ಚಿಯೇ ನೀರು ಹಾಕಬೇಕು. ಒಳಗೆ ಕಂಡ ಕೊರತೆಯನ್ನು ಹೊರಗೆ ಬಂದು ಹೇಳಬಾರದು. ಅಲ್ಲಿ ಕಂಡದ್ದು ನಿಜವೇ ಇರಬಹುದು, ಆದರೂ ಹೇಳಬಾರದು. ಈ ಅದಬನ್ನು ನಾವು ಮಯ್ಯಿತ್ ಕೋಣೆಯಲ್ಲೇ ಬಿಟ್ಟು ಬರುತ್ತಿದ್ದೇವೆ. ಮೊಬೈಲ್ ಕೈಗೆ ಬಂದ ಮೇಲೆ ಒಬ್ಬೊಬ್ಬರೂ ಯಾರದ್ದೋ ಮಯ್ಯಿತ್ ಕೋಣೆಯ ಒಳಗೇ ಇದ್ದೇವೆ. ಲಾರಿಯ ಕ್ಯಾಬಿನ್ನಿನಲ್ಲಿ ಮಗನಿಗೆಂದು ಇಟ್ಟಿದ್ದ ಆಟಿಕೆ ಲಾರಿ ಸಿಕ್ಕಿತು. ಅದನ್ನು ತೋರಿಸಿ ತೋರಿಸಿ ಕಣ್ಣೀರು ಹಾಕಿಸಿದರು. ಆ ಮಗು ದೊಡ್ಡವನಾದ ಮೇಲೆ ಆ ದೃಶ್ಯವನ್ನು ಹುಡುಕಿ ನೋಡುತ್ತಾನೆ. ಜೊತೆಗೆ ಅವನ ತಾಯಿಗೆ ಬೈದ ಮಾತುಗಳನ್ನೂ ಓದುತ್ತಾನೆ.

ಸಾವಾದ ಮನೆಗೆ ನೆರೆಯವರು ಊಟ ಕೊಡುವುದು ಸುನ್ನತ್. ಜಅಫರ್ (ರ) ಹುತಾತ್ಮರಾದಾಗ ಅವರ ಮನೆಗೆ ಅಡುಗೆ ಮಾಡಿ ಕಳಿಸಲು ನೆಬಿ (ಸ) ಹೇಳಿದ್ದು ಮದ್ರಸದ ಮಕ್ಕಳಿಗೂ ಗೊತ್ತಿದೆ. ನಮ್ಮ ಊರುಗಳಲ್ಲಿ ಇಂದಿಗೂ ಆ ಮನೆಯ ಒಲೆ ಉರಿಸಲು ಬಿಡುವುದಿಲ್ಲ. ಈಗ ನಡೆಯುತ್ತಿರುವುದು ತಿರುಗುಮುರುಗು. ಸಾವಿನ ಮನೆಯಿಂದ ದೃಶ್ಯ ತಂದು ಊರಿಗೆಲ್ಲಾ ಬಡಿಸುತ್ತಿದ್ದೇವೆ.

ಹಾಗಾದರೆ ಮಾತಾಡಲೇಬಾರದೇ? ಮಾತಾಡಬೇಕು. ಎಲ್ಲಿ ಮಾತಾಡಬೇಕೋ ಅಲ್ಲಿ ನಾವು ಮಾತಾಡಿಲ್ಲ. ಹೆದ್ದಾರಿಗಾಗಿ ಗುಡ್ಡದ ಬುಡ ಕಡಿದದ್ದು ಹೇಗೆ, ಕಡಿದ ಮೇಲೆ ಆ ಇಳಿಜಾರಿಗೆ ಏನು ರಕ್ಷಣೆ ಮಾಡಿದ್ದರು, ನಮ್ಮ ದಾರಿಯಲ್ಲಿ ಇಂಥ ಗುಡ್ಡ ಇನ್ನೆಷ್ಟಿವೆ, ವಾಹನ ಓಡಾಡುತ್ತಿದ್ದ ಸೇತುವೆಯ ಗಟ್ಟಿತನವನ್ನು ಯಾರು ನೋಡುತ್ತಿದ್ದರು? ಮುಂದಿನ ಮಳೆಗಾಲದಲ್ಲಿ ಜೀವ ಉಳಿಸುವ ಪ್ರಶ್ನೆಗಳು ಇವು. ಇವುಗಳ ಬಗ್ಗೆ ಮೊದಲ ವಾರ ಎದ್ದ ದನಿ, ಜಗಳದ ಸದ್ದಿನಲ್ಲಿ ಕೇಳಿಸದಾಯಿತು. ಕಣ್ಣೀರಿನ ದೃಶ್ಯಕ್ಕೆ ನೋಡುಗರು ಹೆಚ್ಚು, ಗುಡ್ಡದ ಇಳಿಜಾರಿನ ಲೆಕ್ಕಕ್ಕೆ ಕಡಿಮೆ. ನೋಡುಗರು ಎಲ್ಲಿದ್ದಾರೋ ಚಾನೆಲ್ ಅಲ್ಲಿಗೆ ಹೋಗುತ್ತದೆ. ಹಾಗಾಗಿ ಚಾನೆಲ್ಲಿನವರನ್ನು ಮಾತ್ರ ಬೈದು ಉಪಯೋಗವಿಲ್ಲ. ಯಾವುದನ್ನು ಒತ್ತಬೇಕು ಎಂಬುದು ನಮ್ಮ ಬೆರಳಿನಲ್ಲೇ ಇದೆ.

ಫಿಕ್ಹ್‌ನಲ್ಲಿ ಫರ್ಳ್ ಕಿಫಾಯ ಅಂತ ಒಂದಿದೆ. ಕೆಲವರು ಮಾಡಿದರೆ ಊರಿನ ಎಲ್ಲರ ಹೊಣೆ ಇಳಿಯುತ್ತದೆ, ಯಾರೂ ಮಾಡದಿದ್ದರೆ ಎಲ್ಲರೂ ತಪ್ಪಿತಸ್ಥರು. ಕಾಣೆಯಾದವರನ್ನು ಹುಡುಕಿದವರು ನಮ್ಮೆಲ್ಲರ ತಲೆಯ ಹೊಣೆ ಇಳಿಸಿದರು. ಆದರೆ ಬಾಯಿ ಮತ್ತು ಬೆರಳಿನ ಹೊಣೆ ಕಿಫಾಯ ಅಲ್ಲ, ಅದು ಒಬ್ಬೊಬ್ಬರದ್ದು. ಸುದ್ದಿ ಬಂದಾಗ ಪರಿಶೀಲಿಸಿ ಎಂಬ ಹುಜುರಾತ್ ಸೂರತಿನ ಆದೇಶವೂ, ಕೇಳಿದ್ದನ್ನೆಲ್ಲ ಹೇಳುತ್ತಾ ಹೋಗುವವನ ಬಗ್ಗೆ ನೆಬಿ (ಸ) ಕೊಟ್ಟ ಎಚ್ಚರಿಕೆಯೂ ನಮಗೆ ಹೊಸದಲ್ಲ. ಮದ್ರಸದಲ್ಲಿ ಬಾಯಿಪಾಠ ಮಾಡಿದ್ದನ್ನು ಮೊಬೈಲ್ ಹಿಡಿದಾಗ ನೆನಪಿಟ್ಟುಕೊಳ್ಳಬೇಕು, ಅಷ್ಟೆ.

ಮನೆಯಲ್ಲಿ ಮಾಡಬಹುದಾದ ಕೆಲಸ ಕಷ್ಟದ್ದಲ್ಲ. ಮೃತದೇಹದ, ಅಳುವವರ ದೃಶ್ಯ ಬಂದರೆ ಅದು ನಮ್ಮ ಮೊಬೈಲಿನಲ್ಲೇ ನಿಲ್ಲಲಿ. ಎರಡು ಮನೆಗಳ ಜಗಳ ಬಂದರೆ ಪಕ್ಷ ಹಿಡಿಯುವ ಮೊದಲು, ಇದು ನನ್ನ ಮನೆಯದ್ದಾಗಿದ್ದರೆ ಅಂತ ಒಮ್ಮೆ ಕೇಳಿಕೊಳ್ಳೋಣ. ರಸ್ತೆ, ಗುಡ್ಡ, ಸೇತುವೆಯ ಸುದ್ದಿ ಬಂದರೆ ಅದನ್ನು ಹತ್ತು ಜನಕ್ಕೆ ಕಳಿಸೋಣ, ಪಂಚಾಯತಿನಲ್ಲೂ ಕೇಳೋಣ.

ಜುಲೈನಲ್ಲಿ ದಿನಾ ಬೆಳಿಗ್ಗೆ ಮದ್ರಸಕ್ಕೆ ಬಂದ ಕೂಡಲೇ ಮಕ್ಕಳು ಕೇಳುತ್ತಿದ್ದರು, "ಉಸ್ತಾದೇ, ಸಿಕ್ಕಿದ್ರಾ?" ಸೆಪ್ಟೆಂಬರ್ 25 ಆದ ಮೇಲೆ ಆ ಪ್ರಶ್ನೆ ನಿಂತಿತು. ಒಂದು ಹುಡುಗಿ ಮಾತ್ರ ನಿಲ್ಲಿಸಲಿಲ್ಲ. "ಇನ್ನಿಬ್ಬರು?" ಅಂದಳು. ಅರ್ಜುನ್ ಸಿಕ್ಕ ದಿನ ಆ ಇಬ್ಬರು ಸಿಕ್ಕಿರಲಿಲ್ಲ. ಅವರ ಹೆಸರು ಏನೆಂದು ತರಗತಿಯಲ್ಲಿ ಕೇಳಿದೆವು. ಒಬ್ಬರಿಗೂ ಬರಲಿಲ್ಲ. ನಿಜ ಹೇಳಬೇಕೆಂದರೆ ಉಸ್ತಾದರಿಗೂ ಆ ಕ್ಷಣ ಒಂದೇ ಹೆಸರು ನೆನಪಾಯಿತು.

ಆ ಎರಡು ಹೆಸರನ್ನು ನಾವು ಇಲ್ಲಿ ಬೇಕೆಂದೇ ಬರೆದಿಲ್ಲ. ಈ ರಾತ್ರಿ ಊಟಕ್ಕೆ ಕೂತಾಗ ಮನೆಯವರಲ್ಲಿ ಕೇಳಿ ನೋಡಿ. ಯಾರಿಗೂ ಗೊತ್ತಿಲ್ಲದಿದ್ದರೆ ಹಳೆಯ ಪತ್ರಿಕೆ ತೆರೆದು ಹುಡುಕಿ. ಅವರಿಗಾಗಿ ಹುಡುಕಲು ನಮ್ಮಿಂದ ಈಗ ಆಗುವುದು ಅಷ್ಟೇ.